ತುದಿಯಿಲ್ಲದ ಬೆರಳುಗಳು

ಮೆಟಲ್ ಹುಚ್ಚಿನವರು ಇಬ್ಬರು ಸಿಕ್ಕರೆ ಮೊದಲು ಕೇಳೋದು ಊರಲ್ಲ, 'ನಿಂದು ಯಾವ ಆಲ್ಬಮ್?' ಅಂತ. ನಂದು ಬ್ಲ್ಯಾಕ್ ಸಬ್ಬತ್‌ನ 'ಮಾಸ್ಟರ್ ಆಫ್ ರಿಯಾಲಿಟಿ', 1971.

ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯೊಂದರಲ್ಲಿ ಮುಂದೆ ಈ ತಂಡದ ಗಿಟಾರಿಗನಾದ 17ರ ಹುಡುಗ ಟೋನಿ ಅಯೋಮಿಯ ಬಲಗೈಯ ಎರಡು ಬೆರಳತುದಿ ಯಂತ್ರಕ್ಕೆ ಸಿಕ್ಕಿ ಹೋದವು. ಅದೂ ಕೆಲಸದ ಕೊನೇ ದಿನ! ಎಡಗೈಯವನಾದ್ದರಿಂದ ಗಿಟಾರಿನ ತಂತಿ ಒತ್ತಬೇಕಾದದ್ದು ಅದೇ ಬಲಗೈ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಈ ಆಲ್ಬಮ್ಮಿನ ಹೊತ್ತಿಗೆ, ಒತ್ತಲು ಹಗುರಾಗಲಿ ಅಂತ, ಹಲವು ಹಾಡುಗಳಿಗೆ ತಂತಿಯ ಶ್ರುತಿಯನ್ನೇ ಇಳಿಸಿಬಿಟ್ಟ. ಆ ಸಡಿಲ ತಂತಿಯ ಮಂದ್ರದ ಗುಡುಗನ್ನೇ ಡೂಮ್ ಮೆಟಲ್‌ನವರು ಇವತ್ತಿಗೂ ಬೆನ್ನಟ್ಟುತ್ತಿದ್ದಾರೆ.

ಎರಡನೆಯದು ಐರನ್ ಮೇಡನ್‌ನ 'ಪವರ್‌ಸ್ಲೇವ್', 1984. ಕೊನೆಯ ಹಾಡು ಕೋಲ್‌ರಿಜ್‌ನ ನಾವಿಕನ ಕಥನಕವನದ ಮೇಲೆ, 13 ನಿಮಿಷ ದಾಟುತ್ತದೆ. ತರಗತಿಯಲ್ಲಿ ಆಕಳಿಸಿದ ಕವಿತೆಗೆ ಇಲ್ಲಿ ತಲೆ ಕುಣಿಸಿದೆ. 2007ರಲ್ಲಿ ಮೇಡನ್‌ನವರು ಬೆಂಗಳೂರಿನ ಅರಮನೆ ಮೈದಾನಕ್ಕೇ ಬಂದಿದ್ದರು.

'ಮಾಸ್ಟರ್ ಆಫ್ ಪಪೆಟ್ಸ್' ಯಾಕಿಲ್ಲ ಅಂತ ಜಗಳಕ್ಕೆ ಬರಬೇಡಿ, ಅದು ಎಲ್ಲರ ಪಟ್ಟಿಯಲ್ಲೂ ಇರುತ್ತೆ. ಬದಲಿಗೆ ನಮ್ಮ ಬೆಂಗಳೂರಿನದೇ ತಂಡ ಕ್ರಿಪ್ಟೋಸ್ ಕೇಳಿ, 1998ರಿಂದ ಬಾರಿಸುತ್ತಿದ್ದಾರೆ.

ನಿಮ್ಮದು ಯಾವುದು? ಒಂದೇ ಹೇಳಬೇಕು.