ಟೊಳ್ಳಿನ ದನಿ

ಲಾಸ್ ಏಂಜಲೀಸ್

ತೀರ್ಥರೂಪ ಕಾಕಾ,

ಕಾಕೂನ ಮೊಣಕಾಲು ಈಗ ಹೇಗಿದೆ? ಹೋದ ವಾರ ಫೋನಿನಲ್ಲಿ ರಾಕೆಟ್ ಹಾರಿಸಿದೆ ಅಂದಾಗ ನೀವು, ‘ದೀಪಾವಳಿ ಇನ್ನೂ ದೂರ ಅದ ಅಲ್ಲೋ’ ಅಂದಿರಿ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಅದಕ್ಕೇ ಕಾಗದ.

ರಾಕೆಟ್ಟಿನ ಸಾಮಾನಿನ ಪೆಟ್ಟಿಗೆ ಬಿಚ್ಚಿ ಕೊಳವೆಯನ್ನು ಕೈಗೆತ್ತಿಕೊಂಡವನು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಬೆರಳಿನಿಂದ ತಟ್ಟಿ ಕಿವಿ ಕೊಟ್ಟೆ. ಮಿರಜದ ತಂಬೂರಿ ಅಂಗಡಿಯಲ್ಲಿ, ಪಂಢರಪುರದ ಕಡೆಯಿಂದ ಬಂದ ಸೋರೆಬುರುಡೆಗಳ ರಾಶಿಯ ಮುಂದೆ ಕೂತು ನೀವು ಒಂದೊಂದನ್ನೇ ತಟ್ಟುತ್ತಿದ್ದಿರಲ್ಲ, ಹಾಗೆ. ‘ಗೋಡೆ ತೆಳ್ಳಗ ಇರಬೇಕು, ಆದರ ಒಡೀಬಾರದು. ಎಲ್ಲಾ ಅದರಾಗ ಅದ’ ಅನ್ನುತ್ತಿದ್ದಿರಿ. ಇದು ಗಾಜಿನ ನೂಲನ್ನು ಇಪಾಕ್ಸಿಯಲ್ಲಿ ಅದ್ದಿ ಸುತ್ತಿದ ಕೊಳವೆ. ಹೊರಗಿನ ಅಗಲ ಸುಮಾರು 40 ಮಿಲಿಮೀಟರ್, ಗೋಡೆ ಎರಡು ಮಿಲಿಮೀಟರ್ ಕೂಡ ಇಲ್ಲ. ನಾನು ಮೇಲೆ ನಿಂತರೂ ಬಗ್ಗುವುದಿಲ್ಲ. ತಟ್ಟಿದರೆ ಠಣ್ ಅನ್ನುತ್ತದೆ.

ಕಟ್ಟಲು ನಾಲ್ಕು ವಾರ ಹಿಡಿಯಿತು. ಅದರಲ್ಲಿ ಅಂಟು ಹಚ್ಚಿದ್ದು ಸ್ವಲ್ಪ, ಉಜ್ಜಿದ್ದೇ ಬಹಳ. ಕೊಳವೆಯ ನುಣುಪು ಹೋಗದೆ ಇಪಾಕ್ಸಿ ಕಚ್ಚುವುದಿಲ್ಲ. ಮೂಗಿಗೆ ಮುಖವಾಡ ಕಟ್ಟಿ, ಪಾಲಿಶ್ ಪೇಪರನ್ನು ನೀರಲ್ಲಿ ನೆನೆಸಿ ಉಜ್ಜಬೇಕು. ಆ ಧೂಳು ಎದೆಗೆ ಹೋದರೆ ಒಳ್ಳೆಯದಲ್ಲ. ಮೂರು ರೆಕ್ಕೆಗಳಲ್ಲಿ ಒಂದು, ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ದಪ್ಪ ವಾಲಿ ಅಂಟಿಬಿಟ್ಟಿತ್ತು. ಅದನ್ನು ನೋಡಿದಾಗ ಇಪಾಕ್ಸಿ ಆಗಲೇ ಕಲ್ಲಾಗಿತ್ತು. ಹಾಗೇ ಬಿಡಲೇ ಅಂತ ಒಂದು ಗಳಿಗೆ ಯೋಚಿಸಿದೆ. ನಿಮ್ಮ ತಂಬೂರಿಯ ಜವಾರಿ, ಅಂದರೆ ಅದರ ಝೇಂಕಾರ, ಹದಕ್ಕೆ ಬರಲಿಲ್ಲ ಅಂತ ಮಿರಜದ ಆ ಅಂಗಡಿಯ ಉಸ್ತಾದರು ಮಧ್ಯಾಹ್ನವಿಡೀ ತಂತಿ ಕೂರುವ ಕುದುರೆಯನ್ನು ಕೂದಲೆಳೆಯಷ್ಟು ಉಜ್ಜುವುದು, ತಂತಿ ಮೀಟುವುದು, ಮತ್ತೆ ಉಜ್ಜುವುದು ಮಾಡಿದ್ದು ನೆನಪಾಯಿತು. ರಾತ್ರಿ ಕೂತು ರೆಕ್ಕೆ ಕೊರೆದು ತೆಗೆದೆ, ಬೇರೆ ಕೂರಿಸಿದೆ.

ಮಿರಜದ ಆ ಅಂಗಡಿಗಳ ಬೀದಿಯ ಕುಶಲಿಗರ ಹಿರಿಯರು ಶಿಕಲಗಾರರು, ಕತ್ತಿಗೆ ಸಾಣೆ ಹಿಡಿಯುತ್ತಿದ್ದವರು, 19ನೇ ಶತಮಾನದ ನಡುವಿನಲ್ಲಿ ಫರೀದಸಾಹೇಬರು ಸಿತಾರದ ಕೆಲಸಕ್ಕೆ ಕೈಹಾಕಿದರು ಅಂತ ನೀವೇ ಹೇಳಿದ್ದು. ಇಲ್ಲಿ ಉಜ್ಜುತ್ತ ಕೂತಾಗ ಆ ಮಾತು ಮತ್ತೆ ಮತ್ತೆ ಬರುತ್ತಿತ್ತು. ರಾಕೆಟ್ಟೂ ಕತ್ತಿಯ ಬಳಗದಿಂದ ಬಂದದ್ದೇ ಅಲ್ಲವೇ? ನಮ್ಮ ತಾಸಗಾಂವದ ಪರಶುರಾಮಭಾವೂ ಪಟವರ್ಧನರು 1790ರಲ್ಲಿ ಧಾರವಾಡಕ್ಕೆ ಮುತ್ತಿಗೆ ಹಾಕಿದ್ದು ಟಿಪ್ಪುವಿನ ವಿರುದ್ಧ. ಆ ಮೈಸೂರಿನವರ ಹತ್ತಿರ ಕಬ್ಬಿಣದ ಕೊಳವೆಯ ರಾಕೆಟ್ಟುಗಳಿದ್ದವು. ಕಾಗದದ ಕೊಳವೆ ತಾಳದ ಒತ್ತಡವನ್ನು ಕಬ್ಬಿಣ ತಾಳುತ್ತದೆ, ಒಳಗೆ ಒತ್ತಡ ಹೆಚ್ಚಿದಷ್ಟೂ ದೂರ ಹೋಗುತ್ತದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನುವ ಊರಿನಲ್ಲಿ ಒಂದು ಹಾಳುಬಾವಿಯಿಂದ ಅಂಥವು ಸಾವಿರಕ್ಕೂ ಹೆಚ್ಚು ಸಿಕ್ಕವು. ಮದ್ದು ಎಲ್ಲರ ಹತ್ತಿರವೂ ಇತ್ತು ಕಾಕಾ, ಮೈಸೂರಿನವರು ಗೆದ್ದದ್ದು ಗೋಡೆಯಲ್ಲಿ.

ನನ್ನದರಲ್ಲಿ ಕೂತದ್ದು ಜಿ ವರ್ಗದ ಮೋಟರ್. ಎ, ಬಿ, ಸಿ ಅಂತ ಅಕ್ಷರ ಏರಿದಂತೆ ಮೋಟರ್ ಕೊಡುವ ಒಟ್ಟು ನೂಕಿನ ಮಿತಿ ಇಮ್ಮಡಿಸುತ್ತದೆ. ಜಿ ದಾಟಿದರೆ ಇಲ್ಲಿ ಪ್ರಮಾಣಪತ್ರ ಬೇಕು. ಅಮೋನಿಯಂ ಪರ್ಕ್ಲೋರೇಟನ್ನು ರಬ್ಬರಿನಲ್ಲಿ ಕಲೆಸಿದ ಇಂಧನ. ಹೊರಡುವ ಮೊದಲು ರಾಕೆಟ್ಟನ್ನು ದಾರಕ್ಕೆ ತೂಗುಹಾಕಿ ತೂಕದ ಕೇಂದ್ರ ಹುಡುಕಿದೆ. ಗಾಳಿಯ ಒತ್ತು ಬೀಳುವ ಬಿಂದುವಿಗಿಂತ ಅದು ಕೊಳವೆಯ ಒಂದು ಅಗಲದಷ್ಟಾದರೂ ಮುಂದಿರಬೇಕು, ಇಲ್ಲದಿದ್ದರೆ ಮೇಲೆ ಹೋಗಿ ಪಲ್ಟಿ ಹೊಡೆಯುತ್ತದೆ.

ಲೂಸರ್ನ್ ಅನ್ನುವ ಒಣಕೆರೆ ಇಲ್ಲಿಂದ ಎರಡು ತಾಸಿನ ದಾರಿ. ನೆಲ ಪೂರ್ತಿ ಬಿರಿದ ಹೆಂಟೆ, ಒಂದು ಗಿಡ ಇಲ್ಲ. ಗುಂಡಿ ಒತ್ತಿದೆ. ಬೆಂಕಿ ಕಂಡಿತು, ಸದ್ದು ಎದೆಗೆ ಬಡಿಯುವಷ್ಟರಲ್ಲಿ ರಾಕೆಟ್ ಉಡಾವಣೆಯ ಹಳಿಯ ಮೇಲಿರಲಿಲ್ಲ. ಎರಡೇ ಸೆಕೆಂಡಿಗೆ ಇಂಧನ ಮುಗಿಯಿತು. ಆಮೇಲೆ ನಿಶ್ಶಬ್ದ. ಬೆಂಕಿಯಿಲ್ಲ, ಬರೀ ವೇಗದ ಮೇಲೆ ಏರುತ್ತಲೇ ಇತ್ತು. ಮನಸ್ಸಿನಲ್ಲೇ ಎಣಿಸಿದೆ. ಎಂಟರ ಹೊತ್ತಿಗೆ ಕಣ್ಣಿಗೆ ಕಾಣದಾಯಿತು.

ಚಿಕ್ಕವನಿದ್ದಾಗ, ಕವಠೆ ಏಕಂದ ಊರಿನ ದಸರೆಯ ರಾತ್ರಿ, ದೇವರು ಸಿದ್ಧರಾಜನ ಪಾಲಕಿ ಬರುವಾಗ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದಿರಿ. ಮದ್ದಿನ ಬಾಣಗಳು ಮೇಲೆ ಹೋಗಿ ಒಡೆಯುವ ಮುಂಚೆ ಒಂದು ಚಣ ಎಲ್ಲ ಸುಮ್ಮನಾಗುತ್ತಿತ್ತು, ಆಗ ನೀವು ನನ್ನ ಕಾಲು ಬಿಗಿಯಾಗಿ ಹಿಡಿಯುತ್ತಿದ್ದಿರಿ. ಕೆರೆಯಂಗಳದಲ್ಲಿ ನಿಂತವನಿಗೆ ಕಾಲ ಮೇಲೆ ಅದೇ ಹಿಡಿತ.

ಪಟ್ ಅಂತ ಒಂದು ಸಣ್ಣ ಸದ್ದು. ಪ್ಯಾರಾಚೂಟನ್ನು ಹೊರಗೆ ತಳ್ಳುವುದು ಒಂದು ಚಿಟಿಕೆ ಕರಿಮದ್ದು, ಕವಠೆ ಏಕಂದದ್ದೇ ವಾಸನೆ. ಕೇಸರಿ ಬಟ್ಟೆ ಬಿಚ್ಚಿಕೊಂಡಿತು. ಒಳಗಿಟ್ಟ ಎತ್ತರಮಾಪಕ 2,100 ಅಡಿ ತೋರಿಸಿತು. ಬಿದ್ದಲ್ಲಿಗೆ ಓಡಿದೆ. ಕೊಳವೆಗೆ ಒಂದು ಗೀರೂ ಇಲ್ಲ, ಒಳಗಷ್ಟೇ ಮಸಿ.

ದೀಪಾವಳಿಗೆ ಬರುತ್ತೇನೆ. ಮೋಟರನ್ನು ವಿಮಾನದಲ್ಲಿ ತರುವಂತಿಲ್ಲ, ಖಾಲಿ ರಾಕೆಟ್ ಬಟ್ಟೆಯಲ್ಲಿ ಸುತ್ತಿ ತರುತ್ತೇನೆ. ನಿಮ್ಮ ತಂಬೂರಿಯ ಪಕ್ಕ ಗೋಡೆಗೆ ಒರಗಿಸಿ, ಒಮ್ಮೆ ತಟ್ಟಿ ನೋಡಿ. ಯಾವ ಸ್ವರಕ್ಕೆ ಹತ್ತಿರ ಅದ, ಹೇಳಬೇಕು.

ನಿಮ್ಮ
ಬಾಳ್ಯಾ