ತಾತನ ಲೆಕ್ಕಕ್ಕೆ ಒಂದು ಡಿಸ್ಕ್

ಕಳೆದ ಬೇಸಿಗೆ ರಜೆಗೆ ಮೊಮ್ಮಕ್ಕಳಿಬ್ಬರೂ ಮೈಸೂರಿನ ನಮ್ಮ ಮನೆಗೆ ಬಂದಿದ್ದರು. ಅಜ್ಜಿಗೆ ಜಾಡಿ ಇಳಿಸಿಕೊಡಲು ಅಟ್ಟ ಹತ್ತಿದ ಪ್ರಣವನ ಕೈಗೆ ಅವನಪ್ಪನ ಹಳೆಯ ಪ್ಲೇಸ್ಟೇಷನ್ 2 ಸಿಕ್ಕಿತು. 2007ರಲ್ಲಿ ನನ್ನ ಮಗ ಮೊದಲ ಸಂಬಳದಲ್ಲಿ ಕೊಂಡಿದ್ದು. ಜೊತೆಗೆ ‘ಕ್ರಿಕೆಟ್ 07’ ಆಟದ ಡಿಸ್ಕ್. ಹಳೆಯ ಟೀವಿಗೆ ವೈರು ಸಿಕ್ಕಿಸಿ ಗುಂಡಿ ಒತ್ತಿದರೆ ಆಟ ಶುರುವಾಗಿಯೇಬಿಟ್ಟಿತು! ಮಗ ಅರ್ಧಕ್ಕೆ ಬಿಟ್ಟಿದ್ದ ಒಂದು ಟೂರ್ನಮೆಂಟ್ ಕೂಡ ಹಾಗೇ ಇತ್ತು. ಬೆಂಗಳೂರಿನಿಂದ ಫೋನಿನಲ್ಲೇ ಅವನು, “ಅದನ್ನ ನೀನೇ ಗೆದ್ದುಕೊಡೋ” ಎಂದು ಪ್ರಣವನಿಗೆ ಹೇಳಿದ.

ಒಂದು ರಾತ್ರಿ ಆ ಡಿಸ್ಕ್ ಡಬ್ಬದಿಂದ ಹೊರಗೆ, ಮೇಜಿನ ಮೇಲೆ ಬಿದ್ದಿತ್ತು. ಮೈತುಂಬ ಬೆರಳಿನ ಗುರುತು. ಮಕ್ಕಳಿಗೆ ಸಹಾಯವಾಗಲಿ ಎಂದು ಪಂಚೆಯ ತುದಿಯಿಂದ ಒರೆಸಿದೆ. ಕಲೆ ಹೋಗಲಿಲ್ಲ. ಬೆಳ್ಳಿ ದೀಪ ಬೆಳಗುವ ಹಾಗೆ ಚಿಟಿಕೆ ವಿಭೂತಿ ಹಾಕಿ ಗುಂಡಗೆ, ಚೆನ್ನಾಗಿ ತಿಕ್ಕಿದೆ.

ಬೆಳಿಗ್ಗೆ ಡಿಸ್ಕ್ ಓಡಲಿಲ್ಲ.

“ಇಂಚರಾನೇ ಗೀರಿರೋದು! ನಿನ್ನೆ ಬೆರಳಿಗೆ ಸಿಕ್ಕಿಸ್ಕೊಂಡು ತಿರುಗಿಸ್ತಿದ್ಲು” ಎಂದು ಪ್ರಣವ ಕೂಗಾಡಿದ. ಆರು ವರ್ಷದ ಇಂಚರ “ನಾನಲ್ಲ” ಎಂದು ಬಿಕ್ಕಿದಳು. ಅವಳ ಮಾತನ್ನು ಯಾರೂ ನಂಬಲಿಲ್ಲ. ನಾನು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕುಳಿತಿದ್ದೆ.

ಬ್ಯಾಂಕಿನಲ್ಲಿ ಕ್ಯಾಷ್ ಕೌಂಟರಿನಲ್ಲಿ ಕೂತವನು ನಾನು. ಸಂಜೆ ಲೆಕ್ಕದಲ್ಲಿ ಹತ್ತು ರೂಪಾಯಿ ಕಮ್ಮಿ ಬಂದರೂ ನನ್ನ ಜೇಬಿನಿಂದಲೇ ತುಂಬಿಸಿದವನು. ಪಕ್ಕದವನ ಮೇಲೆ ಎಂದೂ ಹಾಕಿದ್ದಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಇಂಚರ ತಟ್ಟೆ ಮುಟ್ಟದೆ ಕುಳಿತಿದ್ದಳು. ನನ್ನ ಗಂಟಲಲ್ಲೂ ತುತ್ತು ಇಳಿಯಲಿಲ್ಲ. “ಡಿಸ್ಕ್ ಹಾಳು ಮಾಡಿದ್ದು ನಾನು ಕಣೋ” ಎಂದೆ. ಪ್ರಣವ ನನ್ನನ್ನೇ ನೋಡಿದ. ಆಮೇಲೆ ತಂಗಿಯ ತಟ್ಟೆಗೆ ತನ್ನ ಹಪ್ಪಳ ಹಾಕಿದ.

ಸಂಜೆ ಮೂವರೂ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಡಿಸ್ಕನ್ನು ಬೆಳಕಿಗೆ ಹಿಡಿದು, “ಸಾರ್, ಗುಂಡಗೆ ಒರೆಸಿದ್ದೇ ತಪ್ಪಾಯ್ತು” ಎಂದ. ಆಟದ ಮಾಹಿತಿ ಡಿಸ್ಕಿನ ನಡುವಿನಿಂದ ಅಂಚಿನ ಕಡೆಗೆ ಸುರುಳಿಯಾಗಿ ಸಾಗುತ್ತದೆ. ಯಂತ್ರ ಅದನ್ನು ಕೆಳಗಿನಿಂದ ಲೇಸರ್ ಬೆಳಕಿನಲ್ಲಿ ಓದುತ್ತದೆ. ನಡುವಿನಿಂದ ಅಂಚಿಗೆ ನೇರವಾಗಿ ಬಿದ್ದ ಸಣ್ಣ ಗೀರನ್ನು ಬೆಳಕು ಕ್ಷಣದಲ್ಲಿ ದಾಟುತ್ತದೆ. ತಪ್ಪಿಹೋದ ಅಷ್ಟನ್ನು ಯಂತ್ರವೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸುರುಳಿಯ ಗುಂಟವೇ ಗೀರು ಬಿದ್ದರೆ ಬಹಳ ಹೊತ್ತು ಏನೂ ಕಾಣದೆ ದಾರಿ ತಪ್ಪುತ್ತದೆ. ಅದಕ್ಕೇ ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಮಾತ್ರ ಒರೆಸಬೇಕು. ಪುಡಿ, ಪೇಸ್ಟು ಏನೂ ಕೂಡದು.

ಇನ್ನೊಂದು ವಿಷಯವನ್ನೂ ಅವನಿಂದಲೇ ಕಲಿತೆ. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಹೆಸರು ಅಚ್ಚಾದ ಮೇಲುಮುಖದ ಅಡಿಯಲ್ಲೇ; ಹಾಗಾಗಿ ಮೇಲುಗಡೆ ಗೀಚಿದರೂ ಅಪಾಯ. ಡಿವಿಡಿಯಲ್ಲಿ 0.6 ಮಿಲಿಮೀಟರಿನ ಎರಡು ಬಿಲ್ಲೆಗಳ ನಡುವೆ ಇರುತ್ತದೆ. ಈಗಿನ ಬ್ಲೂ-ರೇ ಡಿಸ್ಕಿನಲ್ಲಿ ಕೆಳಮುಖದಿಂದ ಬರೀ 0.1 ಮಿಲಿಮೀಟರ್ ಒಳಗೆ. ಅದಕ್ಕೆ ಗಟ್ಟಿ ಲೇಪ ಇರುತ್ತದೆ ನಿಜ, ಆದರೆ ಗೀರು ಆಳಕ್ಕೆ ಇಳಿದರೆ ಉಜ್ಜಿ ಸರಿಮಾಡುವಷ್ಟು ದಪ್ಪ ಅಲ್ಲಿಲ್ಲ.

ನಮ್ಮದು ಡಿವಿಡಿ. ಹುಡುಗ ಯಂತ್ರಕ್ಕಿಟ್ಟು ಎರಡು ಸಲ ಉಜ್ಜಿದ. ಜಗ್ಗಲಿಲ್ಲ. ಬೇರೆ ಡಿಸ್ಕಿಗೆ ನಕಲು ಮಾಡಿದರೆ ಈ ಯಂತ್ರ ಅದನ್ನು ಒಪ್ಪುವುದಿಲ್ಲವಂತೆ. “ತಾತ, ಹರಿದ ನೋಟನ್ನ ಬ್ಯಾಂಕಲ್ಲಿ ಬದಲಾಯಿಸಿಕೊಡ್ತಾರಲ್ಲ, ಇದನ್ನ?” ಎಂದು ಪ್ರಣವ ಕೇಳಿದ. ಅಂಥ ಕೌಂಟರ್ ಎಲ್ಲಿದೆ? ಹೊಸದಾಗಿ ಮಾರಾಟ ನಿಂತು ಎಷ್ಟೋ ವರ್ಷವಾಗಿದೆ. ಕಡೆಗೆ ಆ ಹುಡುಗನೇ ಪರಿಚಯದವರಿಂದ ಹಳೆಯದೊಂದು ಪ್ರತಿ ಹುಡುಕಿಕೊಟ್ಟ. ನಾನೂರು ರೂಪಾಯಿ. ಗೀರಿದೆಯೇ ನೋಡಿ, ಅಲ್ಲೇ ಓಡಿಸಿ ನೋಡಿ ಕೊಂಡೆವು.

ದಾರಿಯುದ್ದಕ್ಕೂ ಪ್ರಣವ ಮಂಕಾಗಿದ್ದ. “ಡಿಸ್ಕ್ ಏನೋ ಬಂತು. ಅಪ್ಪನ ಟೂರ್ನಮೆಂಟ್ ಹೋಯ್ತಲ್ಲ ತಾತ” ಎಂದ. ಮನೆಗೆ ಬಂದು ಹಾಕಿದರೆ, ಟೂರ್ನಮೆಂಟ್ ಅಲ್ಲೇ ಇತ್ತು! ಫೋನ್ ಮಾಡಿದಾಗ ಮಗ ನಕ್ಕ. ಆಡಿದ ಆಟ ಡಿಸ್ಕಿನಲ್ಲಿ ಉಳಿಯುವುದಿಲ್ಲವಂತೆ. ಯಂತ್ರದ ಮುಂದೆ ಸಿಕ್ಕಿಸಿರುವ ಬೆರಳುದ್ದದ ಮೆಮೊರಿ ಕಾರ್ಡಿನಲ್ಲಿ ಇರುತ್ತದಂತೆ. ನನಗೆ ತಟ್ಟನೆ ಅರ್ಥವಾಯಿತು. ಪಾಸ್‌ಬುಕ್ ಹರಿದರೆ ಖಾತೆಯ ದುಡ್ಡು ಹೋಗುತ್ತದೆಯೇ?

ಈಗ ನಮ್ಮ ಮನೆಯಲ್ಲಿ ಡಿಸ್ಕುಗಳಿಗೊಂದು ವಹಿ ಇದೆ. ಆಡಿದ ಮೇಲೆ ಡಿಸ್ಕ್ ಡಬ್ಬಕ್ಕೆ, ಡಬ್ಬ ಬಿಸಿಲು ಬೀಳದ ಕಪಾಟಿಗೆ. ಹಿಡಿಯುವುದು ಅಂಚಿನಲ್ಲಿ ಮಾತ್ರ. ಡಿಸ್ಕ್ ತಿರುಗುತ್ತಿರುವಾಗ ಯಂತ್ರವನ್ನು ಅಲುಗಾಡಿಸಬಾರದು. ವಾಪಸು ಇಟ್ಟವರು ವಹಿಯಲ್ಲಿ ಸಹಿ ಹಾಕಬೇಕು. ವಹಿಯನ್ನು ನೋಡಿಕೊಳ್ಳುವವಳು ಇಂಚರ. ಮೊದಲ ಸಾಲನ್ನು ಅವಳೇ ನನ್ನಿಂದ ಬರೆಸಿದಳು: “ಡಿಸ್ಕ್ ಒಂದು, ಹಾಳಾಗಿದೆ. ಹಾಳು ಮಾಡಿದವರು: ತಾತ.”

ಕೆಳಗೆ ನನ್ನ ಸಹಿ ಇದೆ.