ಹಿಮ್ಮಡಿಯ ಒಂದು ತೊಟ್ಟು ರಕ್ತ

‘ದಡ್ಡ’ ಎಂಬುದು ಎರಡೇ ಅಕ್ಷರದ ಮಾತು. ಆದರೆ ಒಮ್ಮೆ ಮಗುವಿನ ಹೆಸರಿಗೆ ಅಂಟಿಕೊಂಡಿತೆಂದರೆ ಅದು ಹಾಜರಿ ಪುಸ್ತಕದ ಶಾಯಿಗಿಂತಲೂ ಗಟ್ಟಿ. ಅದರ ಹಿಂದೆ ಕೆಲವು ವೇಳೆ ರಕ್ತದಲ್ಲಿಯೇ ಅಡಗಿದ ಕಾರಣವಿರಬಹುದೆಂಬುದನ್ನು ತರಬೇತಿಯ ದಿನಗಳಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲ.

ಕೆಲವು ವರುಷಗಳ ಹಿಂದೆ ನಮ್ಮ ಒಂದನೆಯ ತರಗತಿಗೆ ಒಬ್ಬ ಹುಡುಗ ಬಂದನು. ಹೆಸರೆತ್ತಿ ಕರೆದರೆ ತಿರುಗಿ ನೋಡನು; ಜತೆಯ ಮಕ್ಕಳೊಡನೆ ಆಡನು; ಹುಣಸೆಬೀಜಗಳನ್ನು ಸಾಲಾಗಿ ಜೋಡಿಸುತ್ತ ಗಂಟೆಗಟ್ಟಲೆ ಕುಳಿತಿರುವನು. ಅದು ಆಟಿಸಂ ಎಂದು ವೈದ್ಯರು ಹೇಳಿದ್ದರು. ಊರಿನವರು ಮಾತ್ರ ತಾಯಿಯನ್ನೇ ದೂರಿದರು. “ಮಾಷ್ಟ್ರೆ, ಇವ ನನ್ನ ಮುಖವನ್ನೂ ನೋಡುವುದಿಲ್ಲ. ನಾನು ಮಾಡಿದ ಪಾಪ ಎಂತದು?” ಎಂದು ಆಕೆ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರವನ್ನರಸಿ ಪುಸ್ತಕಗಳನ್ನು ತೆರೆದಾಗ ದೊರೆತುದು ಇನ್ನೊಬ್ಬ ತಾಯಿಯ ಕಥೆ.

ನಾರ್ವೆ ದೇಶದ ಬೋರ್ಗ್ನಿ ಎಗೆಲಾಂಡ್ ಎಂಬವರ ಇಬ್ಬರು ಮಕ್ಕಳೂ ಹುಟ್ಟಿದಾಗ ಚೆನ್ನಾಗಿಯೇ ಇದ್ದು, ಬೆಳೆಯುತ್ತ ಬುದ್ಧಿಯಲ್ಲಿ ಹಿಂದುಳಿದರು. ಮಕ್ಕಳ ಮೂತ್ರಕ್ಕೆ ಒಂದು ವಿಚಿತ್ರ ವಾಸನೆಯಿದ್ದುದನ್ನು ಆ ತಾಯಿ ಮರೆಯಲಿಲ್ಲ. ಕಾರಣವನ್ನು ಕೇಳುತ್ತ ವೈದ್ಯರಿಂದ ವೈದ್ಯರಿಗೆ ಅಲೆದರು. 1934ರಲ್ಲಿ, ವೈದ್ಯರೂ ರಸಾಯನಶಾಸ್ತ್ರಜ್ಞರೂ ಆಗಿದ್ದ ಆಸ್‌ಬ್ಯೋರ್ನ್ ಫೋಲಿಂಗ್ ಆ ಮೂತ್ರಕ್ಕೆ ಫೆರಿಕ್ ಕ್ಲೋರೈಡನ್ನು ಬೆರೆಸಲು ಅದು ಹಸುರಾಯಿತು. ಆ ಹಸುರಿನ ಮೂಲ ಫಿನೈಲ್‌ಪೈರೂವಿಕ್ ಆಮ್ಲವೆಂದು ಅವರು ಕಂಡುಹಿಡಿದರು. ರೋಗಕ್ಕೆ ಮುಂದೆ ಫಿನೈಲ್‌ಕೀಟೋನೂರಿಯಾ ಎಂಬ ಹೆಸರಾಯಿತು.

ಹಾಲು, ಬೇಳೆ, ಮೀನು, ಮೊಟ್ಟೆಗಳ ಪ್ರೋಟೀನಿನಲ್ಲಿ ಫಿನೈಲ್‌ಅಲನೀನ್ ಎಂಬ ಅಂಶವುಂಟು. ಯಕೃತ್ತಿನ ಒಂದು ಕಿಣ್ವವು ಅದನ್ನು ಟೈರೋಸಿನ್ ಆಗಿ ಮಾರ್ಪಡಿಸುತ್ತದೆ. ಆ ಕಿಣ್ವವು ಕೆಲಸಮಾಡದಿದ್ದರೆ ಫಿನೈಲ್‌ಅಲನೀನ್ ರಕ್ತದಲ್ಲಿ ಕೂಡುತ್ತ ಹೋಗಿ ಬೆಳೆಯುವ ಮಿದುಳನ್ನು ಕೆಡಿಸುತ್ತದೆ. ಎದುರಿನವರ ಕಣ್ಣನ್ನು ನೋಡದಿರುವುದು, ಮಾತು ಬಾರದಿರುವುದು, ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡುವುದು, ಈ ಆಟಿಸಂನ ಲಕ್ಷಣಗಳು ಚಿಕಿತ್ಸೆ ದೊರೆಯದ ಹಲವರಲ್ಲಿ ಕಂಡುಬಂದಿವೆ. ಹುಟ್ಟಿದೊಡನೆ ಚಿಕಿತ್ಸೆ ಪಡೆದವರಲ್ಲಿ ವಿರಳ.

ಚಿಕಿತ್ಸೆಯೆಂದರೆ ಮುಖ್ಯವಾಗಿ ಅಳತೆಯ ಆಹಾರವೇ. ಫಿನೈಲ್‌ಅಲನೀನನ್ನು ಕಡಿಮೆಮಾಡಿದ ಆಹಾರದಿಂದ ಒಂದು ಮಗು ಸುಧಾರಿಸಿದುದನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಹೋರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದರು. ಆದರೆ ಮಿದುಳು ಕೆಡುವ ಮೊದಲೇ ರೋಗವನ್ನು ಅರಿಯಬೇಕಲ್ಲವೆ? 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗತ್ರಿ ಅದಕ್ಕೂ ದಾರಿ ತೋರಿದರು. ಹಸುಗೂಸಿನ ಹಿಮ್ಮಡಿಯ ಒಂದು ತೊಟ್ಟು ರಕ್ತವನ್ನು ಕಾಗದಕ್ಕೆ ಹೀರಿಸಿ ಪರೀಕ್ಷಿಸಿದರೆ ಸಾಕು!

ಈ ದೋಷವು ವಂಶದಲ್ಲಿ ಹರಿದುಬರುವಂಥದು. ತಂದೆತಾಯಿಗಳಿಬ್ಬರೂ ಆರೋಗ್ಯವಂತರಾಗಿದ್ದು, ದೋಷದ ಒಂದೊಂದು ಜೀನನ್ನು ಹೊತ್ತಿದ್ದರೆ, ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲೊಂದು. ಸೋದರಮಾವನನ್ನೋ ಅತ್ತೆಯ ಮಗನನ್ನೋ ವರಿಸುವ ನಮ್ಮ ರೂಢಿಯಲ್ಲಿ ಇಬ್ಬರೂ ಒಂದೇ ಜೀನನ್ನು ಹೊತ್ತಿರುವ ಸಂಭವ ಹೆಚ್ಚು. ಇಲ್ಲಿ ತಾಯಿಯೊಬ್ಬಳ ಪಾಪದ ಮಾತೆಲ್ಲಿಂದ ಬಂದಿತು?

ಆಟಿಸಂ ಉಳ್ಳವರಲ್ಲಿ ಇಂಥ ರೋಗವಿರುವುದು ಕೆಲವರಿಗೆ ಮಾತ್ರ. ನಮ್ಮ ಹುಡುಗನ ಪರೀಕ್ಷೆಯಲ್ಲಿ ಅಂಥ ದೋಷವೇನೂ ಕಾಣಲಿಲ್ಲ. ಆದರೂ ಈ ವಿಷಯವನ್ನೆಲ್ಲ ವಿವರಿಸಿದಾಗ ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಇದು ನನ್ನಿಂದ ಆದದ್ದಲ್ಲ” ಎಂದರು. ಹುಡುಗನಿಗೆ ನಾವು ಆ ಹುಣಸೆಬೀಜಗಳಿಂದಲೇ ಎಣಿಕೆಯನ್ನು ಕಲಿಸಿದೆವು. ವರುಷದ ಕೊನೆಗೆ ಇಪ್ಪತ್ತರವರೆಗೆ ಎಣಿಸಿದನು.

ಸಹೋದ್ಯೋಗಿಗಳಲ್ಲಿ ನಮ್ಮದೊಂದು ವಿನಂತಿ. ಕಲಿತುದನ್ನು ಮರೆಯುವ, ಮೂರ್ಛೆ ಬೀಳುವ, ತನ್ನಲ್ಲಿಯೇ ಮುಳುಗಿರುವ ಮಗು ಕಂಡರೆ ಬೆತ್ತವನ್ನು ಬದಿಗಿಟ್ಟು, ವೈದ್ಯರಲ್ಲಿಗೆ ಹೋಗುವಂತೆ ಮನೆಯವರಿಗೆ ಹೇಳಿರಿ. ವಿದ್ಯಾರ್ಥಿಗಳೇ, ಅಂಥ ಗೆಳೆಯ ನಿಮ್ಮ ಕರೆಗೆ ಓಗೊಡದಿದ್ದರೂ ಆಟಕ್ಕೆ ಕರೆಯುವುದನ್ನು ಬಿಡಬೇಡಿರಿ.